ಮೀನಿಗೊಂದು ಮರೆ ಇರಲಿ

ಕಾಣದ್ದನ್ನು ಕಾಣಿಸುವ ಯಂತ್ರ ಬಂದಾಗ ಅದು ಬೇಡವೆನ್ನುವವನು ಈ ಕಾಲದಲ್ಲಿ ನಗೆಪಾಟಲಿಗೆ ಈಡಾಗುತ್ತಾನೆ. ಎಕ್ಸ್‌ರೇ ಬೇಡವೆಂದ ರೋಗಿ, ಕನ್ನಡಕ ಬೇಡವೆಂದ ಮುದುಕ, ಇವರ ಸಾಲಿನಲ್ಲಿ ಅವನನ್ನೂ ಕೂಡಿಸುತ್ತಾರೆ. ಆ ಸಾಲಿನಲ್ಲಿ ಕೂತುಕೊಂಡೇ ನಾನು ಇದನ್ನು ಬರೆಯುತ್ತಿದ್ದೇನೆ.

ಅಂಕೋಲೆಯ ಕಡೆ ಒಂದು ಟ್ರಾಲ್ ಬೋಟು ಇಟ್ಟುಕೊಂಡಿರುವ ನನ್ನ ಅಕ್ಕನ ಮಗ ಹೋದ ವರ್ಷದಿಂದ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದಾನೆ: “ಮಾವ, ಹಳೇ ಫಿಶ್ ಫೈಂಡರ್ ತೆಗೆದು ಹೊಸ ಸೋನಾರ್ ಹಾಕಿಸಲೋ, ಬೇಡವೋ?” ಧಾರವಾಡದಲ್ಲಿ ಕೂತ ಮಾವನಿಗೆ ಸಮುದ್ರದ ಯಂತ್ರದ ಬಗ್ಗೆ ಯಾಕೆ ಕೇಳುತ್ತಾನೆಂದರೆ, ಸಾಲಕ್ಕೆ ಜಾಮೀನು ಮಾವನದೇ ಆಗಬೇಕು. ಮಾಡಿದ ಸಾಲವೇ ಇನ್ನೂ ತೀರಿಲ್ಲ, ಮೇಲೆ ಇದೊಂದು. ಬೇಡ ಎಂದು ಹೇಳಿದೆ. ಯಾಕೆ ಬೇಡ ಎಂಬುದನ್ನು ಫೋನಿನಲ್ಲಿ ಹೇಳುವುದು ಆಗದ ಮಾತು. ಅದು ಅವನೊಬ್ಬನಿಗೆ ಹೇಳಿ ಮುಗಿಸುವ ಮಾತೂ ಅಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಬಂದರು ಬಂದರಿನಲ್ಲಿ ಇವತ್ತು ಇದೇ ಪ್ರಶ್ನೆ ಕೇಳುತ್ತಿದ್ದಾರೆ.

“ಬಯಲುಸೀಮೆಯವರು ನೀವು, ಜೋಳದ ರೊಟ್ಟಿ ತಿಂದುಕೊಂಡು ಸುಮ್ಮನಿರಬಾರದೇನ್ರೀ, ಸಮುದ್ರದ ಉಸಾಬರಿ ನಿಮಗ್ಯಾಕೆ?” ಎಂದು ನೆರೆಮನೆಯವರು ಕೇಳಿದ್ದಾರೆ. ಉಸಾಬರಿ ಇದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಕಲಘಟಗಿಯ ಕಡೆ ಹರಿದು ಬೇಡ್ತಿಯಾಗಿ, ಘಟ್ಟ ಇಳಿದು, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲೆ ತಾಲೂಕಿನಲ್ಲಿ ಸಮುದ್ರ ಸೇರುತ್ತಾಳೆ. ನಮ್ಮ ಮಳೆಯ ನೀರು ಆ ದಾರಿಯಲ್ಲಿ ಕೆಳಗೆ ಹೋಗುತ್ತದೆ. ಅಲ್ಲಿಯ ಬಂಗಡೆ ಬರ್ಫದ ಪೆಟ್ಟಿಗೆಯಲ್ಲಿ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹುಬ್ಬಳ್ಳಿಯ ಗಣೇಶಪೇಟೆಗೆ ಬರುತ್ತದೆ. ಕಾರವಾರದ ಕೋಡಿಬಾಗದಲ್ಲಿರುವ ಸಾಗರ ಜೀವಶಾಸ್ತ್ರ ವಿಭಾಗವೂ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ್ದೇ. ಯಾಂತ್ರೀಕೃತ ಬೋಟುಗಳಿಗೆ ಸರಕಾರ ತೆರಿಗೆ ಬಿಟ್ಟು ಡೀಸೆಲ್ ಕೊಡುತ್ತದೆ. ಹಾಗೆ ಬಿಟ್ಟ ತೆರಿಗೆಯಲ್ಲಿ ನನ್ನದೂ ಒಂದು ಪಾಲಿದೆ. ಮೀನು ತಿನ್ನುವವನಿಗೆ, ತೆರಿಗೆ ಕೊಡುವವನಿಗೆ, ಜಾಮೀನು ಹಾಕುವವನಿಗೆ ಮಾತಾಡುವ ಹಕ್ಕಿಲ್ಲವೆಂದರೆ ಇನ್ನು ಯಾರಿಗಿದೆ?

ಮೊದಲು ಯಂತ್ರಕ್ಕೆ ಅನ್ಯಾಯವಾಗದ ಹಾಗೆ ಯಂತ್ರದ ಗುಣ ಹೇಳಿಬಿಡುತ್ತೇನೆ. ಫಿಶ್ ಫೈಂಡರ್ ಎಂಬುದು ಮೂಲತಃ ಕೂಗಿ ಕೇಳಿಸಿಕೊಳ್ಳುವ ಯಂತ್ರ. ಬೋಟಿನ ತಳಕ್ಕೆ ಕೂಡಿಸಿದ ಟ್ರಾನ್ಸ್‌ಡ್ಯೂಸರ್ ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಸದ್ದನ್ನು ನೀರಿಗೆ ಬಿಡುತ್ತದೆ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಮೂವತ್ತು ಮೀಟರ್ ಆಳದ ತಳಕ್ಕೆ ತಗಲಿ ತಿರುಗಿ ಬರಲು ಅದಕ್ಕೆ ಸೆಕೆಂಡಿನ 25ರಲ್ಲಿ ಒಂದು ಪಾಲು ಸಾಕು. ನಡುವೆ ಮೀನಿನ ಹಿಂಡು ಇದ್ದರೆ, ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ತಾಗಿ ಸದ್ದು ಮೊದಲೇ ಮರಳುತ್ತದೆ. ಅದೇ ಪರದೆಯ ಮೇಲಿನ ಕೆಂಪು ಮಚ್ಚೆ. ಗಾಳಿಚೀಲವಿಲ್ಲದ ಸೀಗಡಿ ತಳಕ್ಕೆ ಅಂಟಿಕೊಂಡು ಕೂತರೆ ಯಂತ್ರಕ್ಕೆ ಅದು ಬಹುಮಟ್ಟಿಗೆ ಮಣ್ಣೇ.

ಮಹಾಯುದ್ಧಗಳಲ್ಲಿ ಜಲಾಂತರ್ಗಾಮಿಗಳನ್ನು ಬೇಟೆಯಾಡಲು ಬೆಳೆದ ವಿದ್ಯೆ ಇದು. ಜಪಾನಿನ ನಾಗಸಾಕಿ ಕಡೆಯ ಫುರುನೊ ಸಹೋದರರು 1948ರಲ್ಲಿ ಇದನ್ನು ಮೀನುಗಾರನ ದೋಣಿಗೆ ಒಗ್ಗಿಸಿ ಮಾರಿದರು. ಶತ್ರುವನ್ನು ಹುಡುಕುವ ಕಣ್ಣಿನಿಂದಲೇ ನಾವು ಮೀನನ್ನು ನೋಡಲು ಶುರುಮಾಡಿದ್ದು ಆಗ.

ಹಳೆಯ ಯಂತ್ರ 50 ಅಥವಾ 200 ಕಿಲೋಹರ್ಟ್ಸ್‌ನ ಒಂದೇ ಸ್ವರದಲ್ಲಿ ಕೂಗುತ್ತದೆ. ಆ ಕೂಗು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಇದ್ದರೂ ನೀರಿನಲ್ಲಿ ಅದರ ಉದ್ದ ಒಂದೂವರೆ ಮೀಟರ್. ಹಾಗಾಗಿ ಒಂದರ ಕೆಳಗೊಂದು ಮುಕ್ಕಾಲು ಮೀಟರಿಗಿಂತ ಹತ್ತಿರವಿರುವ ಎರಡು ಮೀನು ಅದಕ್ಕೆ ಒಂದೇ ಆಗಿ ಕಾಣುತ್ತವೆ. ತಳದಿಂದ ಅಷ್ಟೇ ಅಂತರದಲ್ಲಿರುವ ಮೀನು ತಳದಲ್ಲೇ ಕರಗಿಹೋಗುತ್ತದೆ. ಹೊಸದಾಗಿ ಬಂದ ಚರ್ಪ್ ಸೋನಾರ್ ಒಂದೇ ಸ್ವರದಲ್ಲಿ ಕೂಗದೆ, ಗಾಯಕರು ತಾನ ತೆಗೆದ ಹಾಗೆ ಕೆಳಗಿನಿಂದ ಮೇಲಕ್ಕೆ ಸ್ವರ ಏರಿಸುತ್ತ ಹೋಗುತ್ತದೆ. ಮರಳಿ ಬಂದ ತಾನವನ್ನು ಕಳಿಸಿದ ತಾನದೊಂದಿಗೆ ಹೊಂದಿಸಿ ನೋಡುವುದರಿಂದ ಕೆಲವೇ ಸೆಂಟಿಮೀಟರ್ ಅಂತರದ ಮೀನುಗಳೂ ಬೇರೆ ಬೇರೆಯಾಗಿ ತೋರುತ್ತವೆ. ಇನ್ನೊಂದು ಬಗೆಯದು ಕೆಳಗೆ ಮಾತ್ರವಲ್ಲ, ಸುತ್ತಲೂ 360 ಡಿಗ್ರಿ ತಿರುಗಿ ನೋಡುತ್ತದೆ. ಮತ್ತೊಂದು, ಮೀನು ಬಾಲ ಆಡಿಸುವುದನ್ನು ಸಿನಿಮಾದ ಹಾಗೆ ಆಗಿಂದಾಗಲೇ ತೋರಿಸುತ್ತದೆ. ಇದೆಲ್ಲ ಸುಳ್ಳಲ್ಲ. ಅಂಗಡಿಯವನು ಪರದೆಯ ಮೇಲೆ ತೋರಿಸುವುದು ನಿಜವೇ.

ಆದರೆ ಅಂಗಡಿಯವನು ಹೇಳದೆ ಬಿಡುವ ಮಾತೂ ಇದೆ. ಬೋಟಿನ ಕೆಳಗೆ ನೋಡುವ ಯಂತ್ರ ಎಷ್ಟೇ ಹೊಸದಾಗಲಿ, 20 ಡಿಗ್ರಿಯ ಕೋನದಲ್ಲಿ ಮೂವತ್ತು ಮೀಟರ್ ಆಳಕ್ಕೆ ನೋಡಿದರೆ ಅದಕ್ಕೆ ಕಾಣುವುದು ಹತ್ತೂವರೆ ಮೀಟರ್ ಅಗಲದ ಒಂದು ವೃತ್ತ. ಸಮುದ್ರದಲ್ಲಿ ಅದೊಂದು ಮನೆಯ ಅಂಗಳದಷ್ಟು ಜಾಗ. ತಳದಲ್ಲಿ ಬಲೆ ಎಳೆಯುವ ಬೋಟಿಗೆ ಬಲೆ ಬರುವುದು ಎಷ್ಟೋ ಹಿಂದೆ. ಪರದೆಯಲ್ಲಿ ಕಂಡ ಮೀನು ಬಲೆ ಬರುವ ತನಕ ಕಾದು ನಿಲ್ಲಬೇಕೆಂಬ ಕರಾರೇನೂ ಇಲ್ಲ. ಕಂಡದ್ದು ಬಂಗಡೆಯೋ ಬೇರೆ ಮೀನೋ, ಬಲಿತದ್ದೋ ಮರಿಯೋ ಎಂದು ಯಂತ್ರ ಪ್ರಮಾಣ ಮಾಡಿ ಹೇಳಲಾರದು. ಅದನ್ನು ಹೇಳಬೇಕಾದವನು ತಾಂಡೇಲನೇ. ಕತ್ತಲ ರಾತ್ರಿಯಲ್ಲಿ ಹಿಂಡು ಕದಡಿದ ನೀರು ಮಿನುಗುವ ರೀತಿ, ಹಗಲು ಹಕ್ಕಿ ಎರಗುವ ರೀತಿ, ನೀರಿನ ಬಣ್ಣ ಇವನ್ನು ನೋಡಿ ಓದುವ ವಿದ್ಯೆ ಅವನದು. ಸುತ್ತ ನೋಡುವ ಸೋನಾರ್ ನಿಜವಾಗಿ ಹೊಂದುವುದು ಹಿಂಡನ್ನು ಸುತ್ತುವರಿಯುವ ಪರ್ಸೀನ್ ಬೋಟಿಗೆ. ನನ್ನ ಅಳಿಯನದು ಟ್ರಾಲ್. ಅವನ ಬೋಟಿಗೆ ಅದು ಮದುವೆಗೆ ಹೋಗುವ ಎತ್ತಿನ ಕೊಂಬಿಗೆ ಕಟ್ಟಿದ ಹಿತ್ತಾಳೆಯ ಕೊಡೆಣಸು. ಚೆಂದ ಉಂಟು, ಗಾಡಿ ಎಳೆಯುವುದಿಲ್ಲ.

ಇದು ಒಬ್ಬನ ಲಾಭ ನಷ್ಟದ ಲೆಕ್ಕವಾಯಿತು. ಒಳ್ಳೆಯ ಯಂತ್ರವೆಂದೇ ಇಟ್ಟುಕೊಳ್ಳೋಣ, ಮೀನು ಹುಡುಕಿಯೇ ಕೊಡುತ್ತದೆ ಎನ್ನೋಣ. ನನ್ನ ನಿಜವಾದ ತಕರಾರು ಇರುವುದು ಅಲ್ಲಿಯೇ.

ನಮ್ಮ ಧಾರವಾಡ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ನಮ್ಮಲ್ಲಿ ತೆರೆದ ಬಾವಿಗಳಿದ್ದ ಕಾಲದಲ್ಲಿ ಹಗ್ಗ ಎಷ್ಟು ಮೊಳ ಇಳಿಯಿತೆಂಬುದು ನೀರು ಸೇದುವ ಹೆಣ್ಣುಮಗಳ ಕೈಗೆ ಗೊತ್ತಾಗುತ್ತಿತ್ತು. ಈ ವರ್ಷ ಎರಡು ಮೊಳ ಹೆಚ್ಚು ಇಳಿಯಿತೆಂದರೆ ಊರೇ ಎಚ್ಚರಾಗುತ್ತಿತ್ತು. ಕೊಳವೆಬಾವಿ ಬಂತು. ನೀರಿನ ಸೆಲೆ ಹುಡುಕುವ ಮೀಟರು ಬಂತು. ಗುಂಡಿ ಒತ್ತಿದರೆ ಹೋದ ವರ್ಷದಷ್ಟೇ ದಪ್ಪ ಧಾರೆ. ಕೆಳಗೆ ಮಟ್ಟ ಇಳಿಯುತ್ತಲೇ ಇತ್ತು, ಮೇಲೆ ಧಾರೆ ಸಣ್ಣದಾಗಲಿಲ್ಲ. ಒಂದು ದಿನ ಪಂಪು ಗಾಳಿ ಉಗುಳಿತು, ಆ ಹೊತ್ತಿಗೆ ಎಚ್ಚರಾಗಿ ಮಾಡುವುದೇನೂ ಉಳಿದಿರಲಿಲ್ಲ. ಇನ್ನೂ ಆಳಕ್ಕೆ ಕೊರೆಸುವುದೊಂದೇ ಉಳಿದದ್ದು, ಅದನ್ನೇ ಮಾಡಿದೆವು.

ಹೊಸ ಸೋನಾರ್ ಸಮುದ್ರದ ಕೊಳವೆಬಾವಿ. ಕುರುಡಾಗಿ ಬಲೆ ಬೀಸುವವನಿಗೆ ಸಮುದ್ರದಲ್ಲಿ ಮೀನು ಅರ್ಧಕ್ಕೆ ಇಳಿದರೆ ಬಲೆಯಲ್ಲೂ ಅರ್ಧಕ್ಕೆ ಇಳಿಯುತ್ತದೆ. ಬರಿದಾದ ಬಲೆಯೇ ಅವನಿಗೆ ಸಿಗುವ ನೋಟೀಸು. ಹಿಂಡಾಗಿ ಬದುಕುವ ಮೀನು ಸಂಖ್ಯೆಯಲ್ಲಿ ಕಡಿಮೆಯಾದರೂ ಹಿಂಡು ಬಿಡುವುದಿಲ್ಲ, ಉಳಿದವು ಒಂದುಗೂಡುತ್ತವೆ. ಹತ್ತು ಹಿಂಡು ಇದ್ದಲ್ಲಿ ಎರಡು ಉಳಿದರೆ, ಯಂತ್ರ ಆ ಎರಡನ್ನೂ ಹುಡುಕಿ ಕೊಡುತ್ತದೆ. ಬಲೆ ತುಂಬುತ್ತದೆ. ಮೀನು ಸಮೃದ್ಧವಾಗಿದೆ ಎಂದು ಬೋಟಿನವನೂ ನಂಬುತ್ತಾನೆ, ಹಿಡಿದದ್ದನ್ನು ನೋಡಿ ಲೆಕ್ಕ ಬರೆಯುವ ಸರಕಾರವೂ ನಂಬುತ್ತದೆ. ಕೊನೆಯ ಹಿಂಡು ಬಲೆಗೆ ಬಿದ್ದ ದಿನವೂ ಬಂದರಿನಲ್ಲಿ ಸುಗ್ಗಿಯೇ.

ಇದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ನಡೆದುಹೋಗಿದೆ. ಅಲ್ಲಿಯ ಕಾಡ್ ಮೀನು ಐದು ಶತಮಾನ ಯುರೋಪಿಗೆ ಊಟ ಹಾಕಿತ್ತು. 1968ರಲ್ಲಿ ಉತ್ತರದ ಕಾಡ್ ಹಿಡಿತ ಸುಮಾರು 8 ಲಕ್ಷ ಟನ್ನಿಗೆ ಏರಿತು. ಆಮೇಲೆ ಇಳಿಯಿತು. 1980ರ ದಶಕದಲ್ಲಿ ಸೋನಾರ್ ಹೊತ್ತ ದೊಡ್ಡ ಟ್ರಾಲರುಗಳಿಗೆ ಚೆನ್ನಾಗಿಯೇ ಮೀನು ಸಿಗುತ್ತಿತ್ತು. ಆ ಹಿಡಿತವನ್ನು ನಂಬಿ ಮೀನಿದೆ ಎಂದುಕೊಂಡರು. ದಂಡೆಯ ಹತ್ತಿರ ಸಣ್ಣ ದೋಣಿಯಲ್ಲಿ ಹಿಡಿಯುವವರು ಮಾತ್ರ “ಮೀನು ಸಣ್ಣದಾಗುತ್ತಿದೆ, ಬರುತ್ತಿಲ್ಲ” ಎಂದು ಹುಯಿಲಿಟ್ಟರು. ಅವರಲ್ಲಿ ಯಂತ್ರ ಇರಲಿಲ್ಲವಾದ್ದರಿಂದ ಅವರಿಗೆ ಸತ್ಯ ಗೊತ್ತಾಗಿತ್ತು. 1992ರ ಜುಲೈಯಲ್ಲಿ ಸರಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು ಮೂವತ್ತು ಸಾವಿರ ಜನರ ಕೆಲಸ ಹೋಯಿತು. ಕೆಲವೇ ವರ್ಷಕ್ಕೆಂದು ಹಾಕಿದ ಬೀಗ ಮೂರು ದಶಕ ತೆಗೆಯಲಿಲ್ಲ. 2024ರಲ್ಲಿ ಸಣ್ಣ ಪ್ರಮಾಣದಲ್ಲಿ ತೆಗೆದಾಗಲೂ ಅಲ್ಲಿ ಜಗಳವೇ ಆಯಿತು.

ದೂರದ ಮಾತಾಯಿತು ಅನ್ನುವವರು ತಾರ್ಲೆಯನ್ನು ನೋಡಲಿ. ಉಡುಪಿ, ಮಂಗಳೂರಿನವರು ಬೂತಾಯಿ ಎನ್ನುವ ಈ ಮೀನು ಪಶ್ಚಿಮ ಕರಾವಳಿಯ ಬಡವನ ತಾಟಿನ ಮೀನು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ತಾರ್ಲೆ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ ಇದು. ಇದಕ್ಕೆ ಸೋನಾರೇ ಕಾರಣವೆಂದು ನಾನು ಹೇಳಿದರೆ ಅದು ಹಟದ ಮಾತಾದೀತು. ಎಲ್ ನಿನೊದಿಂದ ನೀರು ಕಾದದ್ದು, ಸಮುದ್ರದ ಸ್ಥಿತಿ ಬದಲಾದದ್ದು ದೊಡ್ಡ ಕಾರಣಗಳೆಂದು ವಿಜ್ಞಾನಿಗಳು ಹೇಳುತ್ತಾರೆ. ಮೊಟ್ಟೆಯಿಡುವ ಮೊದಲೇ ಮರಿ ಹಿಡಿದದ್ದನ್ನೂ ಅವರು ಸೇರಿಸುತ್ತಾರೆ. ನನ್ನ ಮಾತು ಇಷ್ಟೇ: ಮೀನಿಗೆ ಕೆಟ್ಟ ವರ್ಷ ಬಂದಾಗ ಅದಕ್ಕೆ ಉಳಿಯುವ ಒಂದೇ ಆಸರೆ ಎಂದರೆ ನಮಗೆ ಕಾಣದೆ ಇರುವುದು. ಬರಗಾಲದಲ್ಲಿ ಬಿತ್ತನೆಯ ಬೀಜ ಇಟ್ಟ ಹಗೇವಿನ ಬಾಯಿ ತೆರೆದು ತೋರಿಸುವವನನ್ನು ನಮ್ಮ ಹಿರಿಯರು ಉಪಕಾರಿ ಎನ್ನುತ್ತಿದ್ದರೇ?

ಕರಾವಳಿ ಈ ಪಾಠವನ್ನು ಒಮ್ಮೆ ಓದಿದೆ. ರಂಪಣಿ ಬಲೆಯ ಹೆಸರು ಕಾರವಾರದ ಕಡೆಯ ಹಿರಿಯರಿಗೆ ನೆನಪಿದೆ. ದಂಡೆಯಿಂದ ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯಿಂದ ಹತ್ತಾರು ಜನ ಸೇರಿ ಎಳೆಯುವ ಆ ಬಲೆ ಮೀನನ್ನು ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ. ದಂಡೆಗೆ ಬಂದದ್ದನ್ನು ಹಿಡಿಯುತ್ತಿತ್ತು, ಬಾರದ್ದು ಸಮುದ್ರದ ಪಾಲು. ಬಲೆಯ ತುಂಡು ತಂದವನಿಗೆ ಬಲೆಯ ಪಾಲು, ಮೈ ಬಗ್ಗಿಸಿದವನಿಗೆ ದುಡಿಮೆಯ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ದಂಡೆಗೆ ಬರುವ ಹಿಂಡನ್ನು ಹೊರಗೇ ಸುತ್ತುವರಿದವು. ಆಗಲೂ ಹೇಳಿದ್ದು ಇದೇ: ಸಮುದ್ರ ದೊಡ್ಡದು, ಮೀನಿಗೇನು ಬರ, ಹಳೆಯ ಬಲೆಗೆ ಜೋತುಬಿದ್ದವರು ಹಿಂದುಳಿಯುತ್ತಾರೆ. ದಶಕ ಮುಗಿಯುವ ಹೊತ್ತಿಗೆ ದಂಡೆಯ ಮೇಲೆ ಜಗಳ ಹೊತ್ತಿತು, ರಂಪಣಿಯ ಕಾಲ ಮುಗಿಯಿತು. ಹರಿಕಂತ್ರರು, ಖಾರ್ವಿಗಳು, ಅಂಬಿಗರು, ಅಂದು ಪಾಲುದಾರರಾಗಿದ್ದವರಲ್ಲಿ ಎಷ್ಟೋ ಜನ ಇನ್ನೊಬ್ಬರ ಬೋಟಿನ ಕಲಾಸಿಗಳಾದರು. 1986ರಲ್ಲಿ ರಾಜ್ಯ ಸಮುದ್ರ ಮೀನುಗಾರಿಕೆ ನಿಯಂತ್ರಣದ ಕಾಯದೆ ಮಾಡಿತು. ಕಾಯದೆ ಬಂದಾಗ ರಂಪಣಿ ಉಳಿದಿರಲಿಲ್ಲ.

ಈಗ ಪ್ರತಿವಾದಿಗಳ ಗಟ್ಟಿ ಮಾತಿಗೆ ಬರುತ್ತೇನೆ. “ಮಾವ, ನಾನೊಬ್ಬ ಬಿಟ್ಟರೆ ಮೀನು ಉಳಿಯುತ್ತದೆಯೋ? ಮಗ್ಗುಲ ಬೋಟಿನವ ಹಾಕಿಸಿದ್ದಾನೆ. ನಾನು ಬಿಟ್ಟದ್ದು ಅವನ ಬಲೆಗೆ ಹೋಗುತ್ತದೆ.” ಈ ಮಾತಿನಲ್ಲಿ ಸತ್ಯವಿದೆ. ಆದ್ದರಿಂದಲೇ ಇದು ಬಲೆಗಿಂತ ಗಟ್ಟಿಯಾದ ಬಲೆ. ಅವನು ಹಾಕಿಸಿದ್ದಕ್ಕೆ ನೀನು, ನೀನು ಹಾಕಿಸಿದ್ದಕ್ಕೆ ಅವನು ಇನ್ನೂ ಹೊಸದು. ಎಲ್ಲರೂ ಹಾಕಿಸಿದ ದಿನ ಎಲ್ಲರೂ ಮೊದಲಿದ್ದ ಜಾಗದಲ್ಲೇ ಇರುತ್ತಾರೆ, ಸಾಲ ಮಾತ್ರ ಹೊಸದು. ಜಾತ್ರೆಯಲ್ಲಿ ತೇರು ನೋಡಲು ಮುಂದಿನ ಸಾಲಿನವನು ತುದಿಗಾಲಲ್ಲಿ ನಿಂತರೆ ಹಿಂದಿನವರೆಲ್ಲ ತುದಿಗಾಲಲ್ಲಿ ನಿಲ್ಲಬೇಕು. ತೇರು ಯಾರಿಗೂ ಹೆಚ್ಚು ಕಾಣುವುದಿಲ್ಲ, ಎಲ್ಲರ ಮೀನಖಂಡ ನೋಯುತ್ತದೆ. ಹೊಸ ಯಂತ್ರದ ಕಂತು ಕಟ್ಟಬೇಕಾದವನು ಮೀನು ಕಡಿಮೆಯಾದ ವರ್ಷ ಬೋಟು ಕಟ್ಟಿಹಾಕಿ ಕೂಡಲಾರ. ಆಗ ಸಣ್ಣ ಕಣ್ಣಿನ ಬಲೆ ಬರುತ್ತದೆ. ಮರಿಮೀನು ಬರುತ್ತದೆ. ತಿನ್ನುವುದಕ್ಕಾಗದ ಆ ಮರಿ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಸಾಲಕ್ಕೆ ಹಸಿವು ಹೆಚ್ಚು, ಅದು ಮರಿಯನ್ನೂ ಬಿಡುವುದಿಲ್ಲ.

ಡೀಸೆಲ್ ಉಳಿಯುತ್ತದೆ ಎನ್ನುತ್ತಾರೆ. ಹುಡುಕಾಟ ಕಡಿಮೆಯಾದರೆ ಡೀಸೆಲ್ ಉಳಿಯಬೇಕು, ಒಪ್ಪಿದೆ. ಹಾಗೆ ಉಳಿದ ಡೀಸೆಲ್ಲಿನಲ್ಲಿ ಬೋಟು ಬೇಗ ಮನೆಗೆ ಬರುತ್ತದೆಯೋ, ಇನ್ನೂ ದೂರ ಹೋಗುತ್ತದೆಯೋ? ಬಂದರಿನಲ್ಲಿ ನಿಂತವರಿಗೆ ಉತ್ತರ ಗೊತ್ತಿದೆ. ಮೀನಿರುವ ಕಡೆಯ ಸುಳಿವೇ ಬೇಕಾದರೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ನೀರಿನ ಬಿಸಿ, ಹಸಿರು ನೋಡಿ ಕನ್ನಡದಲ್ಲೂ ಸೂಚನೆ ಕೊಡುತ್ತದೆ. ಅದಕ್ಕೆ ದುಡ್ಡಿಲ್ಲ. ಅದು ಎಲ್ಲರಿಗೂ ಒಂದೇ ಸಲ ಸಿಗುವುದರಿಂದಲೇ ಕೆಲವರಿಗೆ ಅದು ರುಚಿಸುವುದಿಲ್ಲ.

ನಾನು ಯಂತ್ರದ ವೈರಿಯಲ್ಲ. ತಳ ತೋರಿಸುವ ಹಳೆಯ ಇಕೋ ಸೌಂಡರ್ ಇರಲೇಬೇಕು. ಬಂಡೆ ಎಲ್ಲಿದೆ ಎಂದು ತಿಳಿಯದೆ ಬಲೆ ಹರಿದುಕೊಂಡ ಬೋಟಿನವನ ಗೋಳು ನಾನು ಕೇಳಿದ್ದೇನೆ. ಅದು ಕೆಟ್ಟರೆ ಅಂಥದ್ದೇ ಇನ್ನೊಂದು ಹಾಕಿಸಲಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ‘ಸುವರ್ಣ ತ್ರಿಭುಜ’ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ತಿಂಗಳುಗಟ್ಟಲೆ ಅವರ ಮನೆಯವರು ದಾರಿ ನೋಡಿದರು. 2019ರ ಮೇ ತಿಂಗಳಲ್ಲಿ ಅದರ ಅವಶೇಷ ಮಹಾರಾಷ್ಟ್ರದ ಕಡಲತಳದಲ್ಲಿ ಪತ್ತೆಯಾಯಿತು. ಮುಳುಗಿದ ಬೋಟು ಹುಡುಕುವುದಕ್ಕೆ ನೌಕಾಪಡೆಗೆ ಸೋನಾರ್ ಬೇಕು, ಅದಕ್ಕೆ ಎಷ್ಟು ಖರ್ಚಾದರೂ ಆಗಲಿ. ಮೀನುಗಾರನಿಗೆ ಬೇಕಾದದ್ದು ಮುಳುಗುವ ಮೊದಲೇ ಕೂಗು ದಂಡೆಗೆ ಮುಟ್ಟಿಸುವ ಯಂತ್ರ. ಒಳ್ಳೆಯ ವಿಎಚ್‌ಎಫ್ ರೇಡಿಯೊ, ಟ್ರಾನ್ಸ್‌ಪಾಂಡರ್, ಎಲ್ಲ ಕಲಾಸಿಗಳಿಗೆ ಜೀವರಕ್ಷಕ ಅಂಗಿ ಇಷ್ಟೂ ಇಲ್ಲದ ಬೋಟಿನಲ್ಲಿ ಮೀನಿನ ಸಿನಿಮಾ ತೋರಿಸುವ ಪರದೆ ಇದ್ದರೆ ಅದನ್ನು ನಾನು ಪ್ರಗತಿ ಎನ್ನಲಾರೆ.

ಮೀನಿನ ಹಣ ಹೆಚ್ಚಾಗಬೇಕೆಂದರೆ ಹಿಡಿದದ್ದು ಕೆಡದ ಹಾಗೆ ನೋಡಿಕೊಳ್ಳುವುದು ಹೊಸ ಹಿಂಡು ಹುಡುಕುವುದಕ್ಕಿಂತ ಅಗ್ಗ. ಗಣೇಶಪೇಟೆಗೆ ಬರುವ ಹೊತ್ತಿಗೆ ಕಣ್ಣು ಕೆಂಪಾಗಿ ಹೊಟ್ಟೆ ಒಡೆದ ಬಂಗಡೆಗೆ ಯಾವ ಬೆಲೆ? ಬರ್ಫದ ಉಗ್ರಾಣ ಸರಿಮಾಡಿಸು, ಪೆಟ್ಟಿಗೆ ಒಳ್ಳೆಯದು ತೆಗೆದುಕೋ, ಬಲೆಯ ತುದಿಯ ಚೀಲಕ್ಕೆ ಚೌಕ ಕಣ್ಣಿನ ಜಾಳಿಗೆ ಹಾಕಿಸು ಎಂದು ಅಳಿಯನಿಗೆ ಹೇಳಿದ್ದೇನೆ. ಎಳೆದಾಗ ಸಾದಾ ಬಲೆಯ ಕಣ್ಣು ಮುಚ್ಚಿಕೊಳ್ಳುತ್ತದೆ, ಚೌಕ ಕಣ್ಣು ತೆರೆದೇ ಇರುತ್ತದೆ, ಮರಿ ತಪ್ಪಿಸಿಕೊಳ್ಳುತ್ತದೆ. ಅವಕ್ಕೆ ಬೇಕಾದರೆ ಜಾಮೀನಿಗೆ ನನ್ನ ಸಹಿ ಇದೆ. ಸೋನಾರಿಗೆ ಇಲ್ಲ. ಅವನು ಸಿಟ್ಟಾಗಿದ್ದಾನೆ, ಅಕ್ಕನೂ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಆಗಲಿ.

ಒಬ್ಬೊಬ್ಬರ ಸಹಿಯಿಂದ ಇದು ನಿಲ್ಲುವುದಿಲ್ಲ ಎಂಬುದು ನನಗೂ ಗೊತ್ತು. ನಿಲ್ಲಿಸುವ ದಾರಿ ಇದೆ, ಅದರಲ್ಲಿ ನಾವು ನಡೆದೂ ಇದ್ದೇವೆ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟು ಕಡಲಿಗಿಳಿಯಬಾರದೆಂಬ ನಿಯಮವಿದೆ. ಎಲ್ಲರೂ ನಿಲ್ಲುವುದರಿಂದ ಯಾರಿಗೂ ನಷ್ಟವೆನಿಸುವುದಿಲ್ಲ. ಎಲ್‌ಇಡಿ ದೀಪ ಹಚ್ಚಿ ಮೀನು ಕರೆದು ಹಿಡಿಯುವುದನ್ನು 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ನಿಷೇಧಿಸಿತು. ಕದ್ದು ಹಚ್ಚುವವರಿದ್ದಾರೆ, ಆದರೆ ಕದ್ದು ಹಚ್ಚಬೇಕಾಗಿದೆ ಎಂಬುದೂ ಸಣ್ಣ ಮಾತಲ್ಲ. ಕೇರಳ 2015ರಲ್ಲಿ ತಾರ್ಲೆ 10 ಸೆಂಟಿಮೀಟರ್, ಬಂಗಡೆ 14 ಸೆಂಟಿಮೀಟರಿಗಿಂತ ಚಿಕ್ಕದನ್ನು ಹಿಡಿಯಬಾರದೆಂದು ಗೆರೆ ಎಳೆಯಿತು. ಅಮೆರಿಕದಲ್ಲಿ ಕೆರೆಯಲ್ಲಿ ಗಾಳ ಹಾಕುವ ದೊಡ್ಡ ಪಂದ್ಯಗಳಲ್ಲಿ ಕೂಡ ಮೀನನ್ನು ಕಣ್ಣೆದುರೇ ತೋರಿಸುವ ಸೋನಾರಿಗೆ 2025ರಿಂದ ಮಿತಿ ಹಾಕತೊಡಗಿದ್ದಾರೆ. ಆಟಕ್ಕೆ ಹಿಡಿಯುವವರಿಗೆ ಇದು ಅನ್ಯಾಯವೆಂದು ತೋರಿತು. ಹೊಟ್ಟೆಗೆ ಹಿಡಿಯುವ ನಮಗೆ ತೋರಬಾರದೆ? ದೀಪಕ್ಕೆ ಹಾಕಿದ ಗೆರೆಯನ್ನು ಸುತ್ತ ನೋಡುವ ಸೋನಾರಿಗೂ ಹಾಕಿ ಎಂದು ಬಂದರುಗಳ ಬೋಟು ಮಾಲಕರ ಸಂಘಗಳೇ ಕೇಳಬೇಕು. ಕೇಳುವ ಮೊದಲು ಎಲ್ಲರೂ ಸಾಲ ಮಾಡಿಕೊಂಡಿದ್ದರೆ ಕೇಳುವ ಬಾಯಿ ಇರುವುದಿಲ್ಲ. ಅದಕ್ಕೇ ಇವತ್ತು ಬೇಡವೆನ್ನುವವನೊಬ್ಬ ನಾಳೆ ಸಂಘದಲ್ಲಿ ಎದ್ದು ನಿಂತು ಮಾತಾಡುವುದಕ್ಕಾದರೂ ಬೇಕು.

ಮೀನಿಗೆ ಕೋರೆಹಲ್ಲಿಲ್ಲ, ಕೊಂಬಿಲ್ಲ, ಕಾನೂನು ಗೊತ್ತಿಲ್ಲ. ನೀರು ಕಪ್ಪಾಗಿದೆ ಎಂಬುದೊಂದೇ ಅದರ ಕೋಟೆ. ಇಷ್ಟು ಶತಮಾನ ಅದು ನಮ್ಮನ್ನು ಸಾಕಿದ್ದು ನಾವು ದಯೆ ತೋರಿದ್ದರಿಂದಲ್ಲ, ನಮಗೆ ಕಾಣದೆ ಉಳಿದದ್ದು ಮೊಟ್ಟೆಯಿಟ್ಟಿದ್ದರಿಂದ. ಆ ಕಪ್ಪು ನೀರಿಗೂ ಕಿಟಕಿ ಕೊರೆಯಲು ಹೊರಟವರು ದಯೆಯನ್ನಾದರೂ ಕಲಿತುಕೊಂಡು ಹೊರಡಬೇಕಾಗಿತ್ತು. ಅದನ್ನು ಕಲಿಯುವ ತನಕ ಹಳೆಯ ಯಂತ್ರ ಸಾಕು.